ಮಡಿಯಲ್ಲಿಟ್ಟ ದೋಣಿಯಂತ್ರ

ಸ್ವಚ್ಛತೆಯ ವಿಷಯದಲ್ಲಿ ನಾನು ನಡುಮಟ್ಟದ ಮನುಷ್ಯ. ಅಂಗಿಯ ಕಾಲರು ಬೆಳ್ಳಗಿದ್ದರೆ ಸಾಕು, ಉಳಿದದ್ದನ್ನು ಕೋಟು ಮುಚ್ಚಿಕೊಳ್ಳುತ್ತದೆ ಎಂದು ನಂಬಿದವನು. ಇಂಥವನ ಹಣೆಯಲ್ಲಿ ದೇವರು ಇಬ್ಬರು ಶುಚಿವಂತರನ್ನು ಬರೆದಿದ್ದ. ಮನೆಯಲ್ಲಿ, ಧಾರವಾಡದ ಮಡಿವಂತರ ಮಗಳಾದ ನನ್ನ ಹೆಂಡತಿ ಗಂಗಾಬಾಯಿ. ಪುಣೆಯ ಕ್ಯಾಂಪಿನ ಕಚೇರಿಯಲ್ಲಿ, ಮೇಜಿನ ಮೇಲೆ ಮಸಿಯ ಚುಕ್ಕೆ ಕಂಡರೂ ಕೆಂಪಗಾಗುವ ಬಿಳಿಯ ಸಾಹೇಬರು. ಇವರ ಹಾದಿ ಒಂದನ್ನೊಂದು ಮುಟ್ಟದಿರುವವರೆಗೆ ನನ್ನ ಸಂಸಾರ ಸುಖವಾಗಿತ್ತು.

ಒಂದು ಬೇಸಿಗೆ ಸಾಹೇಬರು ರಜೆಯ ಮೇಲೆ ವಿಲಾಯತಿಗೆ ಹೊರಟರು. ನದಿಯಲ್ಲಿ ವಿಹರಿಸಲು ಅವರದೊಂದು ಸಣ್ಣ ದೋಣಿಯಿತ್ತು. ಅದರ ಬೆನ್ನಿಗೆ ಕಚ್ಚಿಸಿ ಓಡಿಸುವ ಪೆಟ್ರೋಲ್ ಯಂತ್ರವೂ ಇತ್ತು: ಗುಂಡನೆಯ ತಲೆ, ಒಂಟಿ ಕಾಲು, ಕಾಲಿನ ತುದಿಗೆ ಪಂಖ, ಮುಂದಕ್ಕೆ ಚಾಚಿದ ಹಿಡಿಕೆ. "ಇದು ನಿಮ್ಮ ಮನೆಯಲ್ಲಿರಲಿ. ನಾನು ಬಂದಾಗ ಚೊಕ್ಕಟವಾಗಿರಬೇಕು," ಎಂದರು. ನನ್ನ ಬಡ್ತಿ ಅವರ ಸಹಿಗಾಗಿ ಕಾದಿತ್ತು. ಒಲ್ಲೆನೆನ್ನಲು ನಾಲಿಗೆ ಹೊರಳಲಿಲ್ಲ.

ಟಾಂಗಾದಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಶನಿವಾರ ಪೇಟೆಯ ನಮ್ಮ ಮನೆಗೆ ಹೊರಟೆ. ಕೂಸು ಮಾಡುವುದನ್ನೇ ಅದೂ ಮಾಡಿತು. ಹೊಟ್ಟೆಯಲ್ಲುಳಿದ ಪೆಟ್ರೋಲು, ಎಣ್ಣೆ, ನದಿಯ ನೀರು ಎಲ್ಲವೂ ನನ್ನ ಧೋತರದ ಪಾಲಾಯಿತು.

"ಏನ್ರಿ ಇದು! ಹೊಸ್ತಿಲಾ ದಾಟಿಸಬ್ಯಾಡ್ರಿ!" ಎಂದು ಗಂಗಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಸಾಹೇಬರದು ಅದ. ಇದರಾಗ ನನ್ನ ಬಡ್ತಿ ಅದ," ಎಂದೆ.

ಆಕೆ ಮೂಗಿಗೆ ಸೆರಗು ಹಿಡಿದು ಯಂತ್ರಕ್ಕೊಂದು ಸುತ್ತು ಬಂದಳು. "ಮಲಗಿಸಿದ್ರ ಕಾರಿಕೊಳ್ತದ. ಮೊದಲ ನಿಂದರಿಸ್ರಿ."

ಅಂಗಳದಲ್ಲೇ ನನ್ನ ಕೈಯಿಂದ ಪೆಟ್ರೋಲೆಲ್ಲ ಬಸಿಸಿ, ಕೆಸರು ತೊಳೆಸಿ, ಒಣಬಟ್ಟೆಯಿಂದ ಒರೆಸಿಸಿದಳು. ಪಡಸಾಲೆಯ ಮೂಲೆಯಲ್ಲಿ ದಪ್ಪ ಹಲಗೆಗೆ ಕಚ್ಚಿಸಿ, ನೆಟ್ಟಗೆ ನಿಲ್ಲಿಸಿ, ಕೆಳಗೆ ತಗಡಿನ ತಟ್ಟೆಯಲ್ಲಿ ಮರದ ಹೊಟ್ಟು ಹರವಿ, ಮೇಲೆ ತನ್ನ ಹಳೆಯ ಕೆಂಪು ಇಳಕಲ್ ಸೀರೆ ಹೊದಿಸಿದಳು. ಮಳೆಗಾಲವಿಡೀ ಆ ತಟ್ಟೆ ಒಣಗಿದೆಯೆಂದು ನೋಡಿ ಹೇಳಿದ ಮೇಲೆಯೇ ನನಗೆ ಊಟ.

ಸಾಹೇಬರು ಮರಳಿದ್ದು ಚೌತಿಯ ಹಿಂದಿನ ದಿನ. ಯಂತ್ರವನ್ನು ನದಿಯ ದಡಕ್ಕೆ ತರಲು ಹೇಳಿ ಕಳಿಸಿದರು. ಈ ಸಲ ನನ್ನನ್ನು ನಂಬದೆ ಗಂಗಾಬಾಯಿಯೂ ಟಾಂಗಾ ಹತ್ತಿದಳು. ಸೀರೆ ಬಿಗಿದ ಯಂತ್ರವನ್ನು ನಡುವೆ ನೆಟ್ಟಗೆ ನಿಲ್ಲಿಸಿ ಇಬ್ಬರೂ ಹಿಡಿದುಕೊಂಡೆವು. ಬೀದಿಯ ತುಂಬ ಮುಸುಕು ಹಾಕಿ ಗಣಪತಿ ತರುವವರ ಸಂಭ್ರಮ.

"ಗಣಪತಿ ಬಾಪ್ಪಾ!" ಎಂದು ಯಾರೋ ಕೂಗಿದರು. "ಮೋರಯಾ!" ಎಂದಿತು ಬೀದಿ. ನಾನೂ ಎಂದೆ. ಆಮೇಲೆ ನೋಡಿದರೆ ಎಲ್ಲರೂ ಕೈಮುಗಿಯುತ್ತಿದ್ದುದು ನಮ್ಮ ಟಾಂಗಾಕ್ಕೆ! ಗುಂಡುತಲೆ, ಮುಂದೆ ಚಾಚಿದ ಸೊಂಡಿಲು, ಮೇಲೆ ಕೆಂಪು ಮುಸುಕು, ಜನರದೇನು ತಪ್ಪು? ಮುಜುಗರದಿಂದ ನಾನೂ ಎಲ್ಲರಿಗೂ ಮರಳಿ ಕೈಮುಗಿಯತೊಡಗಿದೆ. ಅಷ್ಟರಲ್ಲಿ ಮುದುಕರೊಬ್ಬರು ಕುದುರೆಯ ಮುಂದೆ ನಿಂತು, ಮುಸುಕು ಸರಿಸಿ ದರ್ಶನ ಕೊಡಿಸಿರೆಂದರು. ಸರಿಸಿದರೆ ನನ್ನ ವಿಸರ್ಜನೆ ಅಲ್ಲೇ ಆಗುತ್ತಿತ್ತು.

"ಹೋಗಬೇಕಾದ ಜಾಗ ಮುಟ್ಟುವವರೆಗೆ ಮುಸುಕು ತೆಗೆಯುವಂತಿಲ್ಲ, ಅಜ್ಜಾ," ಎಂದು ಗಂಗಾಬಾಯಿ ಒಳ್ಳೆಯ ಮರಾಠಿಯಲ್ಲಿ ಹೇಳಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುದುಕರು ಒಪ್ಪಿ, ದಾಸವಾಳವೊಂದನ್ನು ಏರಿಸಿ ದಾರಿ ಬಿಟ್ಟರು.

ನದಿಯ ದಡದಲ್ಲಿ ಸಾಹೇಬರು ಮುಸುಕು ತೆಗೆದರು. ಬಿಳಿ ಕರವಸ್ತ್ರದಿಂದ ಯಂತ್ರವನ್ನು ತಲೆಯಿಂದ ಪಂಖದವರೆಗೆ ಒರೆಸಿ ನೋಡಿದರು. ಕರವಸ್ತ್ರ ಬೆಳ್ಳಗೇ ಉಳಿಯಿತು! ದಾರಿಯುದ್ದಕ್ಕೂ ರೂಢಿಯಾಗಿದ್ದ ನನ್ನ ಕೈಗಳು ತಾವಾಗಿಯೇ ಯಂತ್ರಕ್ಕೆ ಮುಗಿದವು. ನಮಸ್ಕಾರ ತಮಗೇ ಸಂದಿತೆಂದು ಸಾಹೇಬರು ಹಿಗ್ಗಿ, ಭುಜ ತಟ್ಟಿ, ಬಡ್ತಿಯ ಕಾಗದಕ್ಕೆ ಹಬ್ಬದ ಮರುದಿನವೇ ಸಹಿ ಹಾಕುವೆನೆಂದರು.

ಅವರ ತಿಳಿವಳಿಕೆಯನ್ನು ತಿದ್ದುವಷ್ಟು ಶುಚಿವಂತ ನಾನಲ್ಲ.