ಇಲ್ಲಿ ಮಾನಯ್ಯ ಯಾರೂ ಇಲ್ಲ

ದೀಪ ಹಾಕಲು ಮುನ್ಸಿಪಾಲ್ಟಿಯವರು ಬಂದೇ ಇದ್ದರು. ಅವರನ್ನು ತಿರುಗಿ ಕಳಿಸಿದ್ದು ನಾನು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮ ಮನೆಯವರ ಹುಚ್ಚು. ಅದನ್ನು ಹೇಳದಿದ್ದರೆ ನಿಮಗೆ ಇದು ತಿಳಿಯುವುದಿಲ್ಲ.

ಮನೆಯವರು ಎಂದರೆ ನನ್ನ ಗಂಡ. ಹೆಸರು ಕೇಳಬೇಡಿ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಕಾಡಿದರೆಂದು ಒಡಪಿನ ಪದ್ಯದಲ್ಲಿ ಸೇರಿಸಿ ಒಂದು ಸಲ ಹೇಳಿದ್ದೆ, ಅಲ್ಲಿಗೆ ಮುಗಿಯಿತು. ರೇಶನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತೇನೆ, ಬೇಕಾದವರು ಓದಿಕೊಳ್ಳಲಿ.

ಕೆಲವರಿಗೆ ದೇವರ ಮೇಲೆ ನಂಬಿಕೆ, ಕೆಲವರಿಗೆ ಡಾಕ್ಟರ ಮೇಲೆ. ನಮ್ಮವರಿಗೆ ಮುನ್ಸಿಪಾಲ್ಟಿಯ ಮೇಲೆ. ಹಿಂದೆ ಕಮಲಾಪುರದಲ್ಲಿದ್ದಾಗ ಒಂದು ಸಲ ಪಂಚಾಯಿತಿ ಮೆಂಬರ್ ಆಗಿದ್ದರು. ಆಗ ಊರಿನವರು ಇವರನ್ನು ಬೈಯದ ದಿನವಿರಲಿಲ್ಲ. ನಳ ಬರದಿದ್ದರೂ ಇವರೇ ಕಾರಣ, ಗಟಾರ ತುಂಬಿದರೂ ಇವರೇ, ಯಾರದೋ ಎಮ್ಮೆ ಕಳೆದರೂ ಇವರೇ! ಮುಂದಿನ ಚುನಾವಣೆಯಲ್ಲಿ ಸೋತರು. ನಾನು ಊರಿಗೆಲ್ಲ ಸಕ್ಕರೆ ಹಂಚಬೇಕೆಂದಿದ್ದೆ. ಬೇರೆಯವರಾಗಿದ್ದರೆ ಆಮೇಲೆ ಅಂಥ ಆಫೀಸಿನ ಕಡೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಇವರು ಮಾತ್ರ, "ಬೈಸ್ಕೊಂಡಂವಗ ಗೊತ್ತಿರ್ತದ. ಆ ಕಡಿಗೂ ಒಬ್ಬ ಮನಶ್ಯಾ ಇರ್ತಾನ" ಎನ್ನುತ್ತಾರೆ.

ಈಗ ನಾವು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮಗನ ಮನೆಯಲ್ಲಿದ್ದೇವೆ. ಇಲ್ಲಿ ಎಲ್ಲರೂ ಓದಿದವರು, ಪಗಾರದವರು. ಮುನ್ಸಿಪಾಲ್ಟಿಯನ್ನು ಒಬ್ಬರೂ ನಂಬುವುದಿಲ್ಲ. ಮನೆಗೊಂದು ಬೋರು, ಬೋರು ಬತ್ತಿದರೆ ಟ್ಯಾಂಕರು. ಕಸಕ್ಕೂ ಬೇರೆ ಆಳು ಗೊತ್ತುಮಾಡಿಕೊಂಡಿದ್ದಾರೆ.

ನಮ್ಮವರ ಕಸದ ವೈಭವ ನೀವು ನೋಡಬೇಕು. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದ ಕೂಡಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಟೊಪ್ಪಿಗೆ ಇಟ್ಟು, ಒಂದು ಕೈಯಲ್ಲಿ ಹಸಿ ಕಸ, ಇನ್ನೊಂದರಲ್ಲಿ ಒಣ ಕಸ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

"ಬಾಳಿಹಣ್ಣಿನ ಸಿಪ್ಪಿ ಚೆಲ್ಲಾಕ ಟೊಪ್ಪಿಗಿ ಯಾಕ್ರಿ?" ಎಂದೆ ಒಮ್ಮೆ.

"ಸರ್ಕಾರ ಬಾಗಿಲಿಗೆ ಬಂದಾಗ ಬನಿಯನ್ ಮ್ಯಾಲ ನಿಂದರಬೇಕೇನು?"

ನನ್ನನ್ನು ನೋಡಲು ನಮ್ಮೂರಿಗೆ ಬಂದ ದಿನ ಇವರು ಇಸ್ತ್ರಿಯಿಲ್ಲದ ಅಂಗಿಯಲ್ಲಿ ಬಂದಿದ್ದರು. ಅದನ್ನೂ ಹೇಳಿದೆ. ಕಿವಿ ಮಂದ, ಕೇಳಿಸಲಿಲ್ಲವಂತೆ.

ಇನ್ನು ನೀರು. ನಳ ಬರುವ ದಿನ ಕೊಡಗಳನ್ನು ಸಾಲಾಗಿಟ್ಟು, ಬೀಗರ ದಾರಿ ಕಾಯುವವರಂತೆ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ನಳ ಬರೀ ಗಾಳಿ ಬಿಟ್ಟು ಸುಸ್ ಎಂದರೆ, "ಹೊಂಟದ, ಹಾದ್ಯಾಗ ಅದ" ಎನ್ನುತ್ತಾರೆ. ಹಾದಿಯಲ್ಲಿರುವ ನೀರಿನಿಂದ ಬೇಳೆ ಬೇಯುತ್ತದೆಯೇ? ಬೇಸಿಗೆಯಲ್ಲಿ ಒಂದು ದಿನ ನಾನು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಟ್ಯಾಂಕರ್ ನೀರು ತಂದು ಮಡಕೆಗೆ ತುಂಬಿಸಿದೆ. ಮಧ್ಯಾಹ್ನ ಒಂದು ತಂಬಿಗೆ ಕುಡಿದು ಮೀಸೆ ಒರೆಸಿಕೊಂಡು, "ಏನರ ಅನ್ನು, ಮುನ್ಸಿಪಾಲ್ಟಿ ನೀರಿನ ರುಚಿನೇ ಬ್ಯಾರೆ" ಎಂದರು. ನಾನು ಹೂಂ ಎಂದೆ.

ಹೀಗಿರುವಾಗ ಓಣಿಯ ತಿರುವಿನ ಕಂಬದ ದೀಪ ಕೆಟ್ಟಿತು. ಪಕ್ಕದ ಮನೆಯ ರಿಟೈರ್ಡ್ ಮಾಸ್ತರರು ಬಂದು, "ಮೆಂಬರ್ ಸಾಬ, ನಮ್ಮ ಮಾಳಗಿ ಮ್ಯಾಲಿಂದ ಒಂದು ದೊಡ್ಡ ಲೈಟ್ ಬಿಡ್ತೀನಿ. ಮುನ್ಸಿಪಾಲ್ಟಿ ಹಾದಿ ನೋಡಿದ್ರ ಕಣ್ಣಾಗ ಪರದಿ ಬರ್ತದ" ಎಂದರು.

"ನಮಗ ಪರದಿ ಆಗಲೇ ಬಂದದ, ಅಪರೇಶನ್ನೂ ಆಗ್ಯದ" ಎಂದರು ಇವರು. "ಅವರಿಗಿ ತಿಳಿಸದೇ ನಾವೇ ಹಾಕ್ಕೊಂಡ್ರ, ಅವರು ಬರೋದು ಯಾತಕ್ಕ? ತಡೀರಿ, ಬರ್ತಾರ."

ಇವರ ಕಿವಿ ಮಂದವಾದ್ದರಿಂದ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಗಳು ತನ್ನ ಫೋನಿನಿಂದ ನಂಬರು ಹಚ್ಚಿ ನನ್ನ ಕೈಗೆ ಕೊಟ್ಟು ಜಳಕಕ್ಕೆ ಹೋದಳು. ಆ ಕಡೆಯ ಹುಡುಗಿ ಕಾಲೋನಿ ಕೇಳಿದಳು, ಓಣಿ ಕೇಳಿದಳು, ಹೇಳಿದೆ. ಆಮೇಲೆ, "ದೂರು ಯಾರ ಹೆಸರಿಗೆ ಬರೀಲ್ರಿ?" ಎಂದಳು.

"ನಮ್ಮ ಮನಿಯವ್ರು" ಎಂದೆ.

"ಸರಿ ರೀ" ಎಂದಳು. ಎಷ್ಟು ಜಾಣ ಹುಡುಗಿ, ಹೆಸರು ಕೇಳಿ ಮುಜುಗರ ಮಾಡಲಿಲ್ಲ ಎಂದುಕೊಂಡೆ.

ಒಂದು ಮಧ್ಯಾಹ್ನ ಏಣಿಯ ಗಾಡಿ ಬಂತು. ಹಗಲಿನಲ್ಲಿ ಎಲ್ಲ ದೀಪಗಳೂ ಆರಿರುತ್ತವೆ. ಕೆಟ್ಟದ್ದು ಯಾವುದೆಂದು ದೂರು ಕೊಟ್ಟವರೇ ತೋರಿಸಬೇಕು. ಲೈನ್‌ಮನ್ ನಮ್ಮ ಕಟ್ಟೆಗೇ ಬಂದು ಕೇಳಿದ, "ಯವ್ವಾ, ಇಲ್ಲಿ ಮಾನಯ್ಯ ಅವರ ಮನಿ ಯಾವುದು?"

ನನಗೆ ಹೊಟ್ಟೆ ಉರಿಯಿತು. ನಮ್ಮವರು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಾರೆ, ಯಾವನೋ ಮಾನಯ್ಯನಿಗೆ ಏಣಿ ಸಮೇತ ಬರುತ್ತಾರಲ್ಲ!

"ಇಲ್ಲಿ ಮಾನಯ್ಯ ಯಾರೂ ಇಲ್ಲಪ್ಪ, ಹಿಂದಿನ ಓಣ್ಯಾಗ ನೋಡು" ಎಂದೆ. ಹೋದ. ಮನೆಯವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಫೋನು ಮೊಮ್ಮಗಳ ಸಂಗಡ ಕಾಲೇಜಿನಲ್ಲಿತ್ತು.

ಅದೇ ಸಂಜೆ ಇವರು ಹಾಲು ತರಲು ಹೋದವರು ತಿರುವಿನ ಕತ್ತಲಲ್ಲಿ ಕಲ್ಲು ಎಡವಿ ಬಿದ್ದರು. ಮಾಸ್ತರರು ಎತ್ತಿ ಕರೆತಂದರು. ಕಾಲು ಉಳುಕಿ ಊದಿತ್ತು, ಟೊಪ್ಪಿಗೆ ಹಾಲಿನಲ್ಲಿ ತೊಯ್ದಿತ್ತು.

"ಇನ್ನರ ಬಿಡ್ರಿ ಮೆಂಬರ್ ಸಾಬ" ಎಂದರು ಮಾಸ್ತರರು. ಅವರು ನಗುತ್ತಿರಲಿಲ್ಲ.

ನಾನು ಕಾಲಿಗೆ ಅರಿಶಿನ ಬಳಿಯುತ್ತ ಕಾದೆ. ಈಗ ಅನ್ನುತ್ತಾರೆ, ಹಾದ್ಯಾಗ ಅದ ಅನ್ನುತ್ತಾರೆ. ಇವರು ಗೋಡೆ ನೋಡುತ್ತ, "ಹಾಕ್ಸ್ರಿ ಮಾಸ್ತರ" ಎಂದರು. "ನಾಳೆ ನಿಮ್ಮ ಲೈಟೇ ಹಾಕ್ಸ್ರಿ. ನಂದು ತಪ್ಪು ತಿಳುವಳಿಕಿ."

ಇಷ್ಟು ವರ್ಷ ಈ ಮಾತು ಕೇಳಬೇಕೆಂದು ಕಾದವಳು ನಾನು. ಕೇಳಿದ ಮೇಲೆ ಯಾಕೋ ರುಚಿಸಲಿಲ್ಲ.

ಮಾಸ್ತರರು ಹೋದ ಮೇಲೆ ಮೊಮ್ಮಗಳು ಫೋನು ಹಿಡಿದು ಅಡುಗೆಮನೆಗೆ ಬಂದಳು. "ಆಯಿ, ಮಧ್ಯಾಹ್ನ ಬಂದ ಕಾಲ್ ನಾ ಎತ್ತಿರಲಿಲ್ಲ. ಈಗ ಮಾಡಿದ್ರ ಲೈನ್‌ಮನ್ ಅಂತಾನ, ಮಾನಯ್ಯ ಅವರ ದೀಪಕ್ಕ ಬಂದಿದ್ವಿ, ಅಂಥವರು ಯಾರೂ ಇಲ್ಲ ಅಂತ ಒಬ್ಬಕಿ ಮುದುಕಿ ಕಳಸ್ಯಾಳಂತ. ದೂರೂ ಮುಗಿಸಿಬಿಟ್ಟಾರ. ನಮ್ಮನ್ಯಾಗ ಮಾನಯ್ಯ ಯಾರು?"

ನಾನು ಅಂದದ್ದು ಮನಿಯವ್ರು, ಆ ಹುಡುಗಿ ಬರೆದುಕೊಂಡದ್ದು ಮಾನಯ್ಯ. ಸೌಟು ಕೆಳಗಿಟ್ಟು, "ನಿಮ್ಮ ಮುತ್ಯಾ" ಎಂದೆ. ಅವಳು ನೆಲದ ಮೇಲೆ ಕೂತು ನಕ್ಕಳು. ನನಗೂ ನಗು ಬಂತು. ಆದರೆ ಒಳಗೆ ಮುದಿಜೀವ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಕಸದ ಗಾಡಿಗೆ ಎರಡೂ ಡಬ್ಬಿ ನಾನೇ ಕೊಟ್ಟು, ಮಾಸ್ತರರ ಬಾಗಿಲು ತಟ್ಟಿ, "ಇವತ್ತೊಂದಿನ ತಡೀರಿ" ಎಂದೆ. ಆಟೋ ಹತ್ತಿ ಮುನ್ಸಿಪಾಲ್ಟಿ ಆಫೀಸಿಗೆ ಹೋದೆ. ಕಿಟಕಿಯ ಆ ಕಡೆ ಒಬ್ಬ ಹುಡುಗಿ ಕೂತಿದ್ದಳು. ಓಣಿ ಹೇಳಿದೆ, ಕಂಬ ಹೇಳಿದೆ.

"ಯಾರ ಹೆಸರಿಗೆ ಬರೀಲಿ, ಆಯಿ?"

ಸೆರಗು ಸರಿಮಾಡಿಕೊಂಡು ಹೇಳಿದೆ.

"ಕೇಳಸಲಿಲ್ಲ, ಜೋರಾಗಿ ಹೇಳ್ರಿ" ಎಂದಳು.

ಗಂಡನ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರು ಎಲ್ಲವನ್ನೂ, ಒಡಪಿಲ್ಲದೆ, ಸಾಲಿನಲ್ಲಿ ನಿಂತ ಕೊನೆಯವನಿಗೂ ಕೇಳುವಂತೆ ಹೇಳಿದೆ.