ಅರ್ಧಕ್ಕೆ ನಿಂತ ಬಾವುಟ

ಟೋರ್ಕಿಲ್‌ನ ಹೊಸ ನಾಟಕದ ಮೊದಲ ದಿನ ಬೆಳಿಗ್ಗೆ ಬಾವುಟದ ಹಗ್ಗ ನಡುವೆ ಸಿಕ್ಕಿಹಾಕಿಕೊಂಡಿತು. ಆದದ್ದು ಅಷ್ಟೇ. ಮಿಕ್ಕಿದ್ದೆಲ್ಲ ನೆರೆಹೊರೆಯವರು ಸೇರಿಸಿದ್ದು.

ಓಡೆನ್ಸೆ ಊರಿನ ಆ ವಠಾರದ ಅಂಗಳದಲ್ಲಿ ಒಂದು ಬಿಳಿ ಕಂಬವಿದೆ. ಯಾರದಾದರೂ ಹುಟ್ಟುಹಬ್ಬವಾದರೆ ಬಾವುಟ ತುದಿಗೇರುತ್ತದೆ, ಯಾರಾದರೂ ತೀರಿಕೊಂಡರೆ ಅರ್ಧಕ್ಕೆ ನಿಲ್ಲುತ್ತದೆ. ಎರಡಕ್ಕೂ ವಠಾರದ ಅಧ್ಯಕ್ಷೆ ಬೋಡಿಲ್‌ಳ ಒಪ್ಪಿಗೆ ಬೇಕು. ಹೊತ್ತು ಮುಳುಗುವ ಮೊದಲು ಅದನ್ನು ಇಳಿಸಲೇಬೇಕು. ಟೋರ್ಕಿಲ್ ಕೇಳಲಿಲ್ಲ. ಕೇಳಿದ್ದರೆ, "ನಿನ್ನ ನಾಟಕಕ್ಕೆಲ್ಲ ಬಾವುಟ ಹಾರಿಸೋಕೆ ನೀನೇನು ರಾಜನಾ?" ಎಂದುಬಿಡುತ್ತಿದ್ದಳು.

ಚಿತ್ರ ಬರೆಯುತ್ತ, ನಾಟಕ ಆಡಿಸುತ್ತ ತಲೆ ನರೆತಿದ್ದ ಟೋರ್ಕಿಲ್‌ಗೆ ಇದು ಕೊನೆಯ ಅವಕಾಶ. ರಂಗಮಂದಿರದ ಒಡತಿ ಗಿಟ್ಟೆ ಮುಲಾಜಿಲ್ಲದೆ ಹೇಳಿದ್ದಳು: "ನೋಡು, ಮೊದಲನೇ ದಿನ ಕುರ್ಚಿ ತುಂಬಬೇಕು. ತುಂಬ್ಲಿಲ್ವೋ, ನಾಳೆಯಿಂದ ರಂಗ ಜಾದೂಗಾರನಿಗೆ." ಪರದೆಗೆ ಬಣ್ಣ ಬಳಿದವನು, ಮಾತು ಬರೆದವನು, ನಿರ್ದೇಶಕ, ಇರುವ ಒಬ್ಬನೇ ನಟ, ಎಲ್ಲವೂ ಅವನೇ. ಬಾವುಟ ಏರಿಸುವವನೂ ಅವನೇ ಆಗಬೇಕಾಯಿತು.

ಹಗ್ಗವನ್ನು ಎಳೆದ, ಜಗ್ಗಿದ, ಬೈದ. ಬಾವುಟ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅಷ್ಟರಲ್ಲಿ ಬೋಡಿಲ್‌ಳ ಅಡಿಗೆಮನೆಯ ದೀಪ ಹತ್ತಿತು. ಟೋರ್ಕಿಲ್ ಸೈಕಲ್ ಏರಿ ರಂಗಮಂದಿರದ ಕಡೆ ಕಂಬಿ ಕಿತ್ತ.

ಕಿಟಕಿ ತೆರೆದ ಬೋಡಿಲ್ ಅರ್ಧಕ್ಕೆ ನಿಂತ ಬಾವುಟವನ್ನು ಕಂಡಳು. ತಾನು ಏರಿಸಿಲ್ಲ, ಹಾಗಾದರೆ ವಠಾರದ ಕಾರ್ಯದರ್ಶಿ ಪ್ರೆಬೆನ್ ಏರಿಸಿರಬೇಕು. ಬೋಡಿಲ್ ಏರಿಸಿರಬೇಕು ಎಂದುಕೊಂಡ ಪ್ರೆಬೆನ್. ಸಾವಿನ ಸುದ್ದಿಯನ್ನು ಕೆದಕಿ ಕೇಳುವುದು ಆ ಊರಿನವರಿಗೆ ಒಗ್ಗದ ಕೆಲಸ. ಇಬ್ಬರೂ ಅಂಗಳದಲ್ಲಿ ಎದುರಾಗಿ ನಿಟ್ಟುಸಿರು ಬಿಟ್ಟರು.

"ಇಷ್ಟು ಬೇಗ ಅಂತ ಯಾರಂದ್ಕೊಂಡಿದ್ರು ಹೇಳು," ಎಂದಳು ಬೋಡಿಲ್.

"ಹೂಂ, ಯಾರ ಕೈಲಿದೆ," ಎಂದ ಪ್ರೆಬೆನ್.

ಸತ್ತವರು ಯಾರೆಂದು ಇಬ್ಬರಿಗೂ ಗೊತ್ತಿಲ್ಲ. ಮೆಲ್ಲಗೆ ಕಿಟಕಿಗಳತ್ತ ಕಣ್ಣಾಡಿಸಿದರು. ಎಲ್ಲ ಮನೆಗಳಲ್ಲೂ ಕಾಫಿಯ ಗಡಿಬಿಡಿ. ಮೇಲಿನ ಅಂತಸ್ತಿನ ಟೋರ್ಕಿಲ್‌ನ ಪರದೆ ಮಾತ್ರ ಸರಿದಿಲ್ಲ. ಹೋಗಿ ಗಂಟೆ ಒತ್ತಿದರು. ಬಾಗಿಲು ತೆರೆಯಲಿಲ್ಲ, ಫೋನೂ ಎತ್ತಲಿಲ್ಲ.

"ಆಸ್ಪತ್ರೆಲೇ ಜೀವ ಹೋಗಿರ್ಬೇಕು. ಪಾಪ, ಇವತ್ತೇ ಅವನ ನಾಟಕ ಬೇರೆ," ಎಂದು ಬೋಡಿಲ್ ಕಣ್ಣೊರೆಸಿಕೊಂಡು ಗಿಟ್ಟೆಗೆ ಫೋನ್ ಮಾಡಿದಳು.

ಮಧ್ಯಾಹ್ನ ಟೋರ್ಕಿಲ್ ಮರೆತುಹೋಗಿದ್ದ ಕರಿಕೋಟಿಗಾಗಿ ಹಿಂಬದಿಯ ಮೆಟ್ಟಿಲು ಹತ್ತಿ ಮನೆಗೆ ಬಂದ. ಮುಂಬಾಗಿಲು ತೆರೆದು ನೋಡಿದರೆ ಹೊಸಿಲಾಚೆ ಬಿಳಿ ಹೂಗಳ ರಾಶಿ, ನಡುವೆ ಉರಿಯುವ ಮೇಣದಬತ್ತಿ. ನನ್ನ ನಾಟಕವನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಹಿಗ್ಗಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಾತು ಕೇಳಿಸಿತು. ಬಾಗಿಲು ಮುಚ್ಚಿ ಕಿವಿಗೊಟ್ಟ.

"ಅಂಥ ಕಲಾವಿದ ಈ ಊರಲ್ಲಿ ಇನ್ನು ಹುಟ್ಟಲ್ಲ," ಎನ್ನುತ್ತಿದ್ದ ಪ್ರೆಬೆನ್. "ಅವನು ಬದುಕಿದ್ದಾಗ ಈ ಮಾತು ಹೇಳ್ಲಿಲ್ವಲ್ಲಾ ಅಂತ ನನಗೆ ಸಂಕಟ."

ಟೋರ್ಕಿಲ್ ತಾನು ಸತ್ತಿರುವುದನ್ನು ತಿಳಿದದ್ದು ಹೀಗೆ. "ಬದುಕಿದ್ದೀನಿ ಕಣಯ್ಯಾ!" ಎನ್ನಲು ಚಿಲಕಕ್ಕೆ ಕೈಯಿಟ್ಟ. ಆದರೆ ಇದೇ ಪ್ರೆಬೆನ್ ಊರಿನ ಪತ್ರಿಕೆಯ ವಿಮರ್ಶಕ. ಟೋರ್ಕಿಲ್ ಬರೆದ ಪರದೆ ಒದ್ದೆ ಬಟ್ಟೆ ಸುತ್ತಿಡಲು ಲಾಯಕ್ಕು ಎಂದು ಅಚ್ಚುಹಾಕಿಸಿದವನು. ಇನ್ನೊಂದು ಮಾತು ಕೇಳಿಬಿಡೋಣ ಎಂದು ಕೈ ಅಲ್ಲೇ ನಿಂತಿತು.

"ಸಂಜೆ ಏಳಕ್ಕೆ ಒಬ್ರೂ ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದಳು ಬೋಡಿಲ್. "ಇಡೀ ವಠಾರ ಬರುತ್ತೆ. ಗಿಟ್ಟೆನೂ ಇರ್ತಾಳೆ. ಕುರ್ಚಿ ಸಾಲಲ್ಲ ಅನ್ಸುತ್ತೆ."

ಏಳಕ್ಕೆ ನಾಟಕ. ಕುರ್ಚಿ ಸಾಲುವುದಿಲ್ಲ! ಟೋರ್ಕಿಲ್ ಚಿಲಕದಿಂದ ಕೈ ತೆಗೆದ. ಸಂಜೆಯವರೆಗೆ ಸತ್ತಿರುವುದರಲ್ಲಿ ನಷ್ಟವೇನು? ತುಂಬಿದ ಸಭೆಯ ಮುಂದೆ ಪರದೆ ಸರಿಸಿ ಜೀವಂತ ಬಂದು ನಿಂತರೆ, ಅಂಥ ಪ್ರವೇಶ ಯಾವ ನಟನಿಗೆ ಸಿಕ್ಕೀತು! ಬಂದ ದಾರಿಯಲ್ಲೇ ಕಳ್ಳನಂತೆ ಇಳಿದು, ರಂಗಮಂದಿರದ ಹಿಂಬಾಗಿಲಿನಿಂದ ಒಳಸೇರಿ ಅಡಗಿ ಕುಳಿತ.

ಸರಿಯಾಗಿ ಏಳಕ್ಕೆ ದೀಪ ಹಾಕಿ, ಪರದೆ ಸರಿಸಿ, ಕೈಚಾಚಿ ನಿಂತ.

"ಗೆಳೆಯರೇ, ನಾನು ಸತ್ತಿಲ್ಲ!"

ಖಾಲಿ ಕುರ್ಚಿಗಳು ಇದಕ್ಕೇನೂ ಹೇಳಲಿಲ್ಲ. ಮುಂಬಾಗಿಲಿಗೆ ಓಡಿದರೆ ಅಲ್ಲಿ ಗಿಟ್ಟೆಯ ಕೈಬರಹದ ಚೀಟಿ: "ಕಲಾವಿದರ ನಿಧನದಿಂದಾಗಿ ಇಂದು ನಾಟಕ ಇಲ್ಲ."

ಸೈಕಲ್ ತುಳಿದು ಏದುಸಿರು ಬಿಡುತ್ತ ವಠಾರಕ್ಕೆ ಬಂದ. ಎಲ್ಲರೂ ಅಂಗಳದಲ್ಲಿದ್ದರು. ಉದ್ದ ಮೇಜು, ಬೆಣ್ಣೆ ಹಚ್ಚಿದ ಬನ್ನು, ಕಾಫಿ, ಮೇಣದಬತ್ತಿ. ಕುರ್ಚಿ ಸಾಲದೆ ಕೆಲವರು ಗೋಡೆಗೊರಗಿ ನಿಂತಿದ್ದರು. ಪ್ರೆಬೆನ್ ಬರೆದು ತಂದ ಶ್ರದ್ಧಾಂಜಲಿ ಓದುತ್ತಿದ್ದ, ಜನ ಮೂಗೊರೆಸಿಕೊಳ್ಳುತ್ತಿದ್ದರು. ಅವನು ಮುಗಿಸಿದ ಮೇಲೆ ಗಿಟ್ಟೆ ಎದ್ದಳು.

"ಇನ್ಮೇಲೆ ಪ್ರತಿ ವರ್ಷ ನಮ್ಮ ರಂಗದ ಮೇಲೆ ಟೋರ್ಕಿಲ್ ನಾಟಕವೇ. ಇದು ನನ್ನ ಮಾತು!"

ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಯನ್ನು ಟೋರ್ಕಿಲ್ ಜನ್ಮದಲ್ಲಿ ಕೇಳಿರಲಿಲ್ಲ. ತಡೆಯಲಾರದೆ ಬೆಳಕಿಗೆ ಬಂದು ತಲೆಬಾಗಿ ನಮಸ್ಕರಿಸಿದ.

ಯಾರದೋ ಬಟ್ಟಲು ಬಿದ್ದು ಒಡೆಯಿತು. ಮೊದಲು ಬಾಯಿ ಬಂದದ್ದು ಗಿಟ್ಟೆಗೆ.

"ಬದುಕಿದೀಯಾ? ಹಾಗಾದ್ರೆ ಏಳಕ್ಕೆ ನಾಟಕ ಆಡಿದ್ಯಾ?"

"ಶುರು ಮಾಡ್ದೆ..."

"ಕುರ್ಚಿ ತುಂಬಿತ್ತಾ?"

"ಎಲ್ರೂ ಇಲ್ಲೇ ಕೂತಿದ್ರೆ ಎಲ್ಲಿಂದ ತುಂಬುತ್ತೆ ತಾಯಿ!"

"ಅದೆಲ್ಲ ನನಗೆ ಗೊತ್ತಿಲ್ಲ. ಮಾತು ಅಂದ್ರೆ ಮಾತು. ನಾಳೆಯಿಂದ ಜಾದೂಗಾರ."

"ಮತ್ತೆ ಈಗ ಹೇಳಿದ್ದು?"

"ಅದು ಸತ್ತವನಿಗೆ."

ಪ್ರೆಬೆನ್ ತನ್ನ ಹಾಳೆಗಳನ್ನು ಮಡಚಿ ಜೇಬಿಗಿಳಿಸಿದ. "ನಾನೂ ಸ್ವಲ್ಪ ಜಾಸ್ತಿನೇ ಹೊಗಳಿಬಿಟ್ಟೆ," ಎಂದು ಗೊಣಗಿದ.

ಟೋರ್ಕಿಲ್ ದಿಕ್ಕು ಕಾಣದೆ ಬೋಡಿಲ್‌ಳತ್ತ ತಿರುಗಿದ. ಅವಳು ಇವನನ್ನು ನೋಡುತ್ತಲೇ ಇರಲಿಲ್ಲ, ಆಕಾಶ ನೋಡುತ್ತಿದ್ದಳು.

"ಹೊತ್ತು ಮುಳುಗಿದೆ, ಬಾವುಟ ಇನ್ನೂ ಮೇಲಿದೆ! ಪ್ರೆಬೆನ್, ಯಾಕೆ ಇಳಿಸ್ಲಿಲ್ಲ?"

"ಏರಿಸಿದ್ದು ನೀನಲ್ವಾ?"

"ನಾನಾ? ನೀನಲ್ವಾ?"

ಇಬ್ಬರ ಮುಖವೂ ನಿಧಾನವಾಗಿ ಟೋರ್ಕಿಲ್‌ನ ಕಡೆ ತಿರುಗಿತು. ಅವನ ಸಾವನ್ನು ಕ್ಷಮಿಸಿದ್ದ ವಠಾರ, ಕತ್ತಲಾದರೂ ಹಾರುತ್ತಿದ್ದ ಬಾವುಟವನ್ನು ಕ್ಷಮಿಸಲಿಲ್ಲ. ಏಣಿ ಬಂತು.

ಟೋರ್ಕಿಲ್ ಕರಿಕೋಟಿನಲ್ಲೇ ಹತ್ತಿದ. ನಡುವೆ ಒಮ್ಮೆ ಕೆಳಗೆ ನೋಡಿದ. ಎಲ್ಲರೂ ಕುರ್ಚಿಗಳನ್ನು ಕಂಬದತ್ತ ತಿರುಗಿಸಿಕೊಂಡಿದ್ದರು. ಕಾಫಿ ಮತ್ತೊಮ್ಮೆ ಬಗ್ಗಿಸಿಕೊಂಡಿದ್ದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ, ಯಾರ ಕಣ್ಣೂ ಅವನನ್ನು ಬಿಟ್ಟು ಅಲುಗುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಪ್ರೆಬೆನ್ ಅದೇ ಹಾಳೆಗಳನ್ನು ಮಗುಚಿ, ಪೆನ್ನು ತೆಗೆದು, ಹಿಂಬದಿಯಲ್ಲಿ ಬರೆದುಕೊಂಡ: "ಹತ್ತುವುದೂ ಸರಿಯಾಗಿ ಬರುವುದಿಲ್ಲ."