ಹೊಸ್ತಿಲು ದಾಟಿದರೆ ಹೋಗುವ ತಲೆನೋವು

ಗುರಲಿಂಗಪ್ಪನ ಹೆಂಡತಿ ಶೈಲಾಳಿಗೆ ದಿನಾ ತಲೆ ನೋಯುತ್ತಿತ್ತು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಆ ತಲೆನೋವಿನ ನಡತೆಯ ಬಗ್ಗೆ. ಬೆಳಿಗ್ಗೆ ದಹಿಸರಿನ ಚಾಳಿನ ಮನೆಯಲ್ಲಿ ಒಲೆಯ ಮುಂದೆ ಕೂತು, ಮಾರಲಿಕ್ಕೆಂದು ಖಡಕ್ ರೊಟ್ಟಿ ಬಡಿಯುವಾಗ ಅದು ಶುರುವಾಗುತ್ತಿತ್ತು. ಹೊಸ್ತಿಲು ದಾಟಿ ಸ್ಟೇಶನ್ ಮುಟ್ಟುವಷ್ಟರಲ್ಲಿ ಮಾಯ. ಬೈಕುಲ್ಲಾದಲ್ಲಿರುವ ಅವಳ ತಮ್ಮ ಈರಣ್ಣನ ಮನೆಯಲ್ಲಂತೂ ಅದರ ಸುಳಿವೇ ಇಲ್ಲ.

"ಗಂಡನ ಮನ್ಯಾಗ ಬರೂದು, ತಮ್ಮನ ಮನ್ಯಾಗ ಹೋಗೂದು! ಇದು ತಲಿನೋವೋ, ಬೈಕುಲ್ಲಾದ ರೈಲ್ವೆ ಪಾಸೋ?"

"ನಿಮ್ಮ ತಲಿ ಹಿಂಗ ಸಿಡೀಲಿ, ಆಗ ತಿಳೀತೈತಿ" ಎಂದಳು ಶೈಲಾ. "ಆಯಿತವಾರ ಈರಣ್ಣ ಬರ್ತಾನ. ಅವನ ಕೂಡ ನಾ ಹೊಂಟೆ. ಇನ್ನ ಮ್ಯಾಲೆ ರೊಟ್ಟಿ ಅಲ್ಲೇ ಬಡೀತೀನಿ. ನೀವು ಇಲ್ಲಿ ವಡಾಪಾವ್ ತಿನ್ಕೋಂತ ಆರಾಮ ಇರ್ರಿ."

ಇಪ್ಪತ್ತೆರಡು ವರ್ಷದ ಸಂಸಾರ. ಗುರಲಿಂಗಪ್ಪನ ಎದೆ ಧಸಕ್ಕೆಂದಿತು. (ಎದೆ ಧಸಕ್ಕೆಂದಾಗಲೆಲ್ಲ ಅವನ ಬಾಯಿಂದ ಹೊರಡುವುದು ಬೈಗುಳವೇ.) "ಹೋಗ, ಹೋಗ! ಆ ಕಳ್ಳನ ಮನಿಗೇ ಹೋಗು!"

ಈರಣ್ಣ ಕಳ್ಳನಾದದ್ದು ಹೀಗೆ. ಗುರಲಿಂಗಪ್ಪ ಬಿಲ್ಡಿಂಗ್ ಸೈಟಿನಲ್ಲಿ ಸೆಂಟ್ರಿಂಗ್ ಮುಕಾದಮ, ಕಾಂಕ್ರೀಟಿಗೆ ಹಲಗೆ ಕಂಬ ಕಟ್ಟಿಸುವ ಮೇಸ್ತ್ರಿ. ಜೂನ್ ತಿಂಗಳಲ್ಲಿ ಅವನ ಹಳದಿ ಹೆಲ್ಮೆಟ್ ಮನೆಯಿಂದಲೇ ಕಾಣೆಯಾಯಿತು. ಅದೇ ವಾರ ಈರಣ್ಣ ಮನೆಗೆ ಬಂದಿದ್ದ. ಈರಣ್ಣನಿಗೆ ಸ್ಕೂಟರ್ ಇದೆ. ಸ್ಕೂಟರ್ ಇದ್ದವನಿಗೆ ಹೆಲ್ಮೆಟ್ ಬೇಕು. (ಗುರಲಿಂಗಪ್ಪನ ನ್ಯಾಯಾಲಯದಲ್ಲಿ ಇಷ್ಟು ಸಾಕ್ಷಿಗೆ ಜೀವಾವಧಿ ಶಿಕ್ಷೆ.) ಅಂದಿನಿಂದ ಅವನು ಸೈಟಿನಲ್ಲಿ ಯಾರೋ ಬಿಟ್ಟುಹೋದ, ತೆಂಗಿನ ಚಿಪ್ಪಿನಂಥ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದ.

ಅವನ ಅನುಮಾನದ ಪಟ್ಟಿಯಲ್ಲಿ ಎರಡನೆಯವಳು ಎದುರು ಮನೆಯ ರುಕ್ಮಿಣಿಬಾಯಿ. ದಸರೆಯಿಂದ ಅವಳೂ ರೊಟ್ಟಿ ಮಾರತೊಡಗಿದ್ದಳು. ಉರಿ ಆರಿದ ಮೇಲೆ ಕೆಂಡದ ಸುತ್ತ ರೊಟ್ಟಿ ನಿಲ್ಲಿಸಿ ಖಡಕ್ ಮಾಡುವ ಶೈಲಾಳ ಹದವನ್ನು ಕದಿಯಲಿಕ್ಕೇ ಅವಳು ಇಣುಕುತ್ತಾಳೆಂದು ಗುರಲಿಂಗಪ್ಪನ ಖಾತ್ರಿ. ಅದಕ್ಕೇ ರಾಜಾಜ್ಞೆ ಹೊರಟಿತ್ತು: ಉರಿ ಇದ್ದಾಗ ಹೊಗೆ ಇರುತ್ತದೆ, ಕಿಟಕಿ ತೆರೆದಿರಲಿ, ಬರೀ ಕೆಂಡವಾದ ಮೇಲೆ ಹೊಗೆಯೆಲ್ಲಿಯದು, ಕಿಟಕಿ ಬಾಗಿಲು ಎರಡೂ ಬಂದ್.

ಈರಣ್ಣ ಬರಬೇಕಾದ ರವಿವಾರ ಬೆಳಿಗ್ಗೆ ಹೆಂಡತಿಯ ನಾಟಕವನ್ನು ಕಣ್ಣಾರೆ ಹಿಡಿಯಲು ಅವನು ಒಲೆಯ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತ. ಕೈಯಲ್ಲಿ ಪೇಪರ್, ಕಣ್ಣು ಶೈಲಾಳ ಮೇಲೆ. ಉರಿ ಆರಿತು. ತಾನೇ ಎದ್ದು ಕಿಟಕಿ ಬಾಗಿಲು ಮುಚ್ಚಿ ಬಂದ.

ಅರ್ಧ ಗಂಟೆಯಲ್ಲಿ ಪೇಪರಿನ ಅಕ್ಷರಗಳು ಕುಣಿಯತೊಡಗಿದವು. ನೆತ್ತಿಯಲ್ಲಿ ಯಾರೋ ಕೂತು ಮೊಳೆ ಹೊಡೆದಂತಾಯಿತು. ಅವನ ಕಣ್ಣು ತಾನು ಅರ್ಧ ಕುಡಿದಿಟ್ಟ ಚಹಾದ ಕಪ್ಪಿನ ಮೇಲೆ ಬಿತ್ತು.

"ಚಾದಾಗ ಏನ್ ಹಾಕೀದಿ?"

"ಸಕ್ರಿ."

"ಹಂಗಾದ್ರ ನೀ ಕುಡಿ!"

ಶೈಲಾ ಉಳಿದ ಚಹಾ ಗಟಗಟ ಕುಡಿದು ಕಪ್ಪು ಕುಕ್ಕಿದಳು. "ನನ್ನ ತಲಿ ಚಾ ಕುಡಿಯೂಕಿಂತ ಮೊದಲೇ ನೋಯಾಕತ್ತೈತ್ರಿ."

ಗುರಲಿಂಗಪ್ಪ ಹೊರಗೆ ಓಡಿ ಮೋರಿಯಲ್ಲಿ ವಾಂತಿ ಮಾಡಿಕೊಂಡ. ಸ್ವಲ್ಪ ಹೊತ್ತು ಗಾಳಿಗೆ ನಿಂತರೆ ತಲೆ ಹಗುರ. ಒಳಗೆ ಹೋಗಿ ಕೂತರೆ ಮತ್ತೆ ಮೊಳೆ. ಹೊರಗೆ ಬಂದ, ಹಗುರ. ಹೀಗೆ ಮೂರು ಸಲ ಒಳಗೆ ಹೊರಗೆ ಮಾಡಿದವನಿಗೆ ಪರಮಜ್ಞಾನವಾಯಿತು.

"ರುಕ್ಮಿಣಿಬಾಯಿ! ನಮ್ಮ ಮನಿಗೆ ಮಾಟ ಮಾಡಿಸಿಯೇನ?"

ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಿನ್ನ ತಲಿಗೆ ಮಾಟ ಹಿಡೀಬೇಕಂದ್ರ ಒಳಗ ಏನರ ಇರಬೇಕಲ್ಲೋ ಮಾರಾಯಾ!"

ಈ ಗದ್ದಲ ಕೇಳಿ ಕೊನೆಯ ಖೋಲಿಯಿಂದ ಕರೀಮಸಾಬ ಬಂದ. ಬೇಕರಿಗಳ ಭಟ್ಟಿಗೆ ಹೊಗೆಪೈಪು ಕೂರಿಸುವುದು ಅವನ ಕಸುಬು. ಈ ಮನೆಯ ತಗಡಿನ ಪೈಪು ಹಾಕಿದವನೂ ಅವನೇ. ಬಾಗಿಲು ದೂಡಿ ಕೆಂಡ ನೋಡಿದ, ಮುಚ್ಚಿದ ಕಿಟಕಿ ನೋಡಿದ. ಅವನ ಮುಖದ ಬಣ್ಣ ಹೋಯಿತು.

"ಶೈಲಕ್ಕಾ, ಮೊದಲ ಹೊರಗ ಬಾ! ರೊಟ್ಟಿ ಸುಟ್ಟು ಹೋಗ್ಲಿ, ಬಾ!" ಅವಳು ಬಂದ ಮೇಲೆ ಕಿಟಕಿ ಬಾಗಿಲು ತೆರೆದು ಗುರಲಿಂಗಪ್ಪನ ಕಡೆ ತಿರುಗಿದ. "ಹೊಗಿ ಆದ್ರ ಕೆಮ್ಮು ಬರ್ತೈತಿ, ಮನಷ್ಯಾ ಓಡ್ತಾನ. ಕೆಂಡದ ಗಾಳಿಗೆ ಬಣ್ಣಿಲ್ಲ, ವಾಸನಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಂತಾರ ಅದಕ್ಕ. ಕುಂತಾವ್ರು ಕುಂತಲ್ಲೇ ಮಲಗತಾರ, ಮತ್ತ ಏಳಂಗಿಲ್ಲ. ಭಟ್ಟಿ ಕೆಲಸದಾಗ ನಾ ನನ್ನ ಕೈಲೆ ಇಬ್ಬರ ಹೆಣಾ ಹೊರಗ ಹೊತ್ತು ಹಾಕೀನಿ, ಮುಕಾದಮ್‌ರ."

ಗುರಲಿಂಗಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಗೋಡೆಗೆ ಒರಗಿದ್ದ ಶೈಲಾಳ ಮುಖವನ್ನು ಬಹಳ ದಿನಗಳ ಮೇಲೆ ನೆಟ್ಟಗೆ ನೋಡಿದ. ಅದು ನಾಟಕದ ಮುಖವಾಗಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಪೈಪ್ ಹಾಕಿದಾಂವ ನೀನೇ ಅಲ್ಲೇನ? ಕಚ್ಚಾ ಕೆಲಸಾ ಮಾಡೀದಿ!"

ಕರೀಮಸಾಬ, ಮನೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿದ. ಪೈಪಿಗೆ ಏರಬೇಕಾದ ಹೊಗೆ ತಿರುಗಿ ನೆಟ್ಟಗೆ ಗುರಲಿಂಗಪ್ಪನ ಮೂಗಿಗೆ ಬಂತು. "ಮ್ಯಾಲೆ ಬಂದ್ ಆಗೈತಿ" ಎಂದು ಕರೀಮಸಾಬ ಏಣಿ ಹಾಕಿ ತಗಡಿನ ಮಾಡು ಹತ್ತಿದ.

ಅಷ್ಟರಲ್ಲಿ ಅಕ್ಕನನ್ನು ಕರೆದೊಯ್ಯಲು ಈರಣ್ಣ ಸ್ಕೂಟರಿನಲ್ಲಿ ಬಂದ. ತಲೆಯ ಮೇಲೆ ಕರಿಯ ಹೆಲ್ಮೆಟ್. ಗುರಲಿಂಗಪ್ಪನ ಸಂಕಟಕ್ಕೆಲ್ಲ ಒಂದು ವಿಳಾಸ ಸಿಕ್ಕಿತು.

"ಬಾರಪಾ! ನನ್ನ ಹಳದಿ ಹೆಲ್ಮೆಟ್ಟಿಗೆ ಕರೀ ಬಣ್ಣಾ ಬಳದಿಯೇನ? ಕಳ್ಳ! ಚಾಳಿನ ಮಂದಿ ಎಲ್ಲಾ ಕೇಳ್ರಿ, ಇವನೇ ನನ್ನ ಹೆಲ್ಮೆಟ್ ಕದ್ದಾಂವ!"

"ಮುಕಾದಮ್‌ರ!" ಮಾಡಿನ ಮೇಲಿಂದ ಕರೀಮಸಾಬ ಕೂಗಿದ. "ನಿಮ್ಮ ಪೈಪಿಗೆ ಯಾರೋ ಹೆಲ್ಮೆಟ್ ಹಾಕ್ಯಾರ! ಹಳದೀದು! ಬಿಸಿಗೆ ಕರಗಿ ಪೈಪಿನ ಬಾಯಿ ಗಪ್ಪಂತ ಮುಚ್ಚೈತಿ. ಬೈಂಡಿಂಗ್ ವಾಯರ್ ಏಳು ಸುತ್ತು ಬಿಗದಾರ. ಮ್ಯಾಲೆ ಹೆಸರೂ ಐತಿ. ಗು... ರ... ಲಿಂ..."

ಚಾಳಿನ ಮಂದಿಯೆಲ್ಲ ಗುರಲಿಂಗಪ್ಪನ ಕಡೆ ತಿರುಗಿದರು.

ಗುರಲಿಂಗಪ್ಪನಿಗೆ ಜೂನ್ ತಿಂಗಳ ಮೊದಲ ಮಳೆ ನೆನಪಾಯಿತು. ಪೈಪಿನಿಂದ ನೀರಿಳಿದು ಒಲೆ ಆರಿತ್ತು. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಯಾರೋ ಮಾಡು ಹತ್ತಿದ್ದರು. ಆ ಯಾರೋ ಸೆಂಟ್ರಿಂಗ್ ಕಂಬಕ್ಕೆ ಬಿಗಿಯುವಂತೆ ಏಳು ಸುತ್ತು ವಾಯರ್ ಬಿಗಿದಿದ್ದರು.

"ಈ ಕಂಪನಿಯವ್ರು ಡುಪ್ಲಿಕೇಟ್ ಮಾಲು ಕೊಟ್ಟಾರ" ಎಂದು ಗೊಣಗಿದ. "ಅಸಲಿ ಇದ್ರ ಕರಗತಿರಲಿಲ್ಲ."

ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಇಬ್ಬರೂ ಈಗಿಂದೀಗಲೇ ದವಾಖಾನೆಗೆ ಹೋಗಬೇಕೆಂದು ಕರೀಮಸಾಬ ಹಟ ಹಿಡಿದ. ರಿಕ್ಷಾ ಬಂತು. ಶೈಲಾ ಹತ್ತಿದಳು, ಪಕ್ಕದಲ್ಲಿ ರುಕ್ಮಿಣಿಬಾಯಿ. ಗುರಲಿಂಗಪ್ಪ ಕಾಲಿಡಲು ಹೋದ.

"ನೀವು ನಿಮ್ಮ ಕಳ್ಳನ ಗಾಡಿ ಮ್ಯಾಲೆ ಬರ್ರಿ" ಎಂದಳು ಶೈಲಾ.

ಈರಣ್ಣ ಸ್ಕೂಟರ್ ಚಾಲೂ ಮಾಡಿದವನು ವಿನಯದಿಂದ ತಿರುಗಿದ. "ಮಾವಾರ, ನಾಕಾದಾಗ ಪೊಲೀಸರು ನಿಂತಿರ್ತಾರ. ಹಿಂದ ಕುಂತಾವ್ರಿಗೂ ಹೆಲ್ಮೆಟ್ ಬೇಕ್ರಿ." ಮಸಿ ಹಿಡಿದು ಸೊಟ್ಟಗಾಗಿದ್ದ ಹಳದಿ ಹೆಲ್ಮೆಟ್ಟನ್ನು ಕರೀಮಸಾಬ ಎರಡೂ ಕೈಯಿಂದ ಒಪ್ಪಿಸಿದ. ಗುರಲಿಂಗಪ್ಪ ಸಿಟ್ಟಿನಿಂದ ತಲೆಗೆ ಒತ್ತಿದ. ಅದು ಕಿವಿಯ ತನಕ ಇಳಿದು ಅಲ್ಲೇ ಕಚ್ಚಿಕೊಂಡಿತು.

ದವಾಖಾನೆಯಲ್ಲಿ ಡಾಕ್ಟರು ಹೆಲ್ಮೆಟ್ಟನ್ನೇ ನೋಡುತ್ತ, "ತಲಿನೋವು ಯಾರಿಗೆ?" ಎಂದರು.

"ನಂದು ಹೊಸ್ತಲಾ ದಾಟಿದ ಕೂಡ್ಲೇ ಕಡಿಮಿ ಆತ್ರಿ" ಎಂದಳು ಶೈಲಾ. "ಇವರದು ಕಿತ್ತ ತಗೀಬೇಕು."